ಗೀರು ಬಿದ್ದ ಅಕ್ರಿಲಿಕ್ ತೊಟ್ಟಿ

ಸೆಕೆಂಡ್ ಹ್ಯಾಂಡ್ ಅಕ್ರಿಲಿಕ್ ಅಕ್ವೇರಿಯಂನ ಗೀರುಗಳು ಉಜ್ಜಿದರೆ ಹೇಗೆ ಮಾಯವಾಗುತ್ತವೆ?

ಪ್ರತಿ ಗೀರೂ ಒಂದು ಸಣ್ಣ ಕಂದಕ. ಅದರ ಓರೆ ಅಂಚಿಗೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರಿ ಬಿಳಿ ಗೆರೆಯಾಗಿ ಕಾಣುತ್ತದೆ.

ಉಜ್ಜುವಾಗ ಸುತ್ತಲಿನ ಮೇಲ್ಮೈಯೇ ಕಂದಕದ ತಳದ ಮಟ್ಟಕ್ಕೆ ಇಳಿಯುತ್ತದೆ. ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಿಡಿಸುವ ಹಾಗೆ, ಮೊದಲು ಒರಟು, ಆಮೇಲೆ ನಯ. 600 ನಂಬರಿನ ವಾಟರ್ ಪೇಪರ್‌ನಿಂದ ಶುರುಮಾಡಿ 2000 ದಾಟುವವರೆಗೆ ನೀರು ಹನಿಸುತ್ತಲೇ ಉಜ್ಜಬೇಕು. ಒಂದೊಂದು ಪೇಪರೂ ಹಿಂದಿನದರ ಗೀರನ್ನು ಅಳಿಸಿ ಇನ್ನೂ ಸಣ್ಣದನ್ನು ಬಿಡುತ್ತದೆ. ಮಧ್ಯೆ ಅಕ್ರಿಲಿಕ್ ಮಂಜುಮಂಜಾದರೆ ಹೆದರಬೇಕಿಲ್ಲ. ಕೊನೆಯ ಪ್ಲಾಸ್ಟಿಕ್ ಪಾಲಿಶ್ ಅದನ್ನು ತಿಳಿಯಾಗಿಸುತ್ತದೆ.

ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಮಾತ್ರ ಮುಟ್ಟಿಸಲೇಬಾರದು, ಕೂದಲೆಳೆಯ ಬಿರುಕುಗಳು ಏಳುತ್ತವೆ.

ಒಳಬದಿಯ ತೆಳು ಗೀರುಗಳನ್ನು ಹಾಗೇ ಬಿಟ್ಟರೂ ನಡೆದೀತು. ಬೆಳಕನ್ನು ಬಾಗಿಸುವುದರಲ್ಲಿ ಗಾಳಿಗಿಂತ ನೀರೇ ಅಕ್ರಿಲಿಕ್‌ಗೆ ಹತ್ತಿರ. ತೊಟ್ಟಿ ತುಂಬಿದ ಮೇಲೆ ಅವು ಅಷ್ಟಾಗಿ ಕಾಣುವುದಿಲ್ಲ.