ಅಂಗಿಯ ಮರೆಯ ಆಯುಧ

ಸವದತ್ತಿ, ಬೈಲಹೊಂಗಲ, ರಾಮದುರ್ಗದ ಪೇಟೆಗಳಲ್ಲಿ ಹತ್ತಿ, ಕಾಳುಕಡಿಗಳ ವ್ಯಾಪಾರ ಮಾಡುವ ಗೃಹಸ್ಥರಲ್ಲಿ ಕೆಲವರು ಆತ್ಮಸಂರಕ್ಷಣೆಗೆಂದು ಪಿಸ್ತೂಲಿನ ಪರವಾನಿಗೆಯನ್ನು ಪಡೆದಿದ್ದಾರೆ. ಇನ್ನು ಕೆಲವರು ಪಡೆಯುವ ವಿಚಾರದಲ್ಲಿದ್ದಾರೆ. ಇಂಥವರು ನಮ್ಮ ಕಚೇರಿಗೆ ಬಂದಾಗ ಕೇಳುವ ಪ್ರಶ್ನೆಗಳು ಮೂರೇ. ಅರ್ಜಿಯನ್ನು ಯಾರಿಗೆ ಕೊಡಬೇಕು? ಬೆಲೆ ಎಷ್ಟು? ಯಾವ ಮಾದರಿ ಒಳ್ಳೆಯದು? ಇವಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಆದರೆ ಆಯುಧವು ಕೈಗೆ ಬಂದ ಮರುದಿನದಿಂದ ಅದರೊಡನೆ ಬಾಳುವದು ಹೇಗೆಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳಿದವರನ್ನು ನಾವು ಇದುವರೆಗೆ ಕಾಣೆವು. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕೂ ಮೊದಲು ಕೇಳತಕ್ಕ ಪ್ರಶ್ನೆ ಅದೇ ಆಗಿರುವದರಿಂದ ಆ ವಿಷಯವಾಗಿ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

ಆಯುಧವು ಈ ನಾಡಿಗೆ ಹೊಸದಲ್ಲ. ೧೮೨೪ನೆಯ ಇಸವಿ ಅಕ್ಟೋಬರ ೨೩ರಂದು ಕಿತ್ತೂರ ಕೋಟೆಯ ಮುಂದೆ ಕಲೆಕ್ಟರ ಥ್ಯಾಕರೆಯನ್ನು ಕೆಡವಿದ ಗುಂಡು ಅಮಟೂರ ಬಾಳಪ್ಪನದೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ೧೮೫೭ರಲ್ಲಿ ಇಂಗ್ಲಿಷ ಸರಕಾರವು ನಿಃಶಸ್ತ್ರೀಕರಣದ ಕಾಯಿದೆಯನ್ನು ಮಾಡಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಹತಿಯಾರಗಳನ್ನು ಕೊಡಲೊಪ್ಪಲಿಲ್ಲ. ಆ ವರ್ಷದ ನವೆಂಬರದಲ್ಲಿ ದಂಡು ಬಂದು ಊರಿಗೆ ಬೆಂಕಿಯಿಕ್ಕಿತು, ಮುಂದಾಳುಗಳು ಗಲ್ಲಿಗೇರಿದರು. ಮರುವರ್ಷ ಮೇ ೨೯ರ ರಾತ್ರಿ ರಾಮದುರ್ಗದ ಸಮೀಪದ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನು ನರಗುಂದದ ಭಾಸ್ಕರರಾಯನ ಜನರಿಂದ ಹತನಾದನು. ನರಗುಂದದ ಆ ಬಂಡಾಯಕ್ಕೆ ದತ್ತಕವನ್ನು ನಿರಾಕರಿಸಿದ್ದು ಒಂದು ಕಾರಣವಾದರೆ, ಆಯುಧಗಳನ್ನು ಒಪ್ಪಿಸೆಂದ ಅಪಮಾನವು ಇನ್ನೊಂದು. ಭಾಸ್ಕರರಾಯನಿಗೆ ಜೂನ ತಿಂಗಳಲ್ಲಿ ಬೆಳಗಾವಿಯಲ್ಲಿ ಗಲ್ಲಾಯಿತು.

ಆ ಮೇಲೆ ೧೮೭೮ರ ಶಸ್ತ್ರಾಸ್ತ್ರ ಕಾಯಿದೆಯು ಬಂದಿತು. ಹಿಂದೀಯನಿಗೆ ಪರವಾನಿಗೆಯಿಲ್ಲದೆ ಆಯುಧವಿಲ್ಲ, ಯುರೋಪಿಯನನಿಗೆ ಆ ಕಟ್ಟು ಇಲ್ಲ ಎಂಬ ಭೇದವು ಅದರಲ್ಲಿತ್ತು. ಅಹಿಂಸೆಯ ಆಚಾರ್ಯರಾದ ಮಹಾತ್ಮರೇ ೧೯೧೮ರಲ್ಲಿ, ಇಡಿಯ ರಾಷ್ಟ್ರವನ್ನು ನಿರಾಯುಧವಾಗಿ ಮಾಡಿದ ಆ ಕಾಯಿದೆಯನ್ನು ಬ್ರಿಟಿಷರ ದುಷ್ಕೃತ್ಯಗಳಲ್ಲಿ ಅತ್ಯಂತ ಕರಾಳವಾದದ್ದೆಂದು ಎಣಿಸಿದರು. ೧೯೩೧ರ ಕರಾಚಿ ಕಾಂಗ್ರೆಸ್ಸು ನಿಯಮಗಳಿಗೊಳಪಟ್ಟು ಆಯುಧ ಧರಿಸುವದನ್ನು ನಾಗರಿಕನ ಹಕ್ಕುಗಳಲ್ಲಿ ಸೇರಿಸಿತು. ಸ್ವಾತಂತ್ರ್ಯ ಬಂದ ಮೇಲೆ, ೧೯೪೮ರ ಡಿಸೆಂಬರದಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಈ ಹಕ್ಕನ್ನು ಘಟನೆಯಲ್ಲಿ ಸೇರಿಸಬೇಕೆಂದು ಘಟನಾ ಸಭೆಯಲ್ಲಿ ತಿದ್ದುಪಡಿ ತಂದರು. ಡಾಕ್ಟರ ಅಂಬೇಡಕರರು ಅದನ್ನೊಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯು ಜನಾಂಗಭೇದವನ್ನು ತೆಗೆಯಿತು, ಪರವಾನಿಗೆಯನ್ನು ಉಳಿಸಿತು. ಹೀಗೆ ನಮ್ಮ ದೇಶದಲ್ಲಿ ಪಿಸ್ತೂಲು ಹಕ್ಕಿನ ವಸ್ತುವಲ್ಲ, ವಿಶ್ವಾಸದ ವಸ್ತು. ಸರಕಾರವು ಒಬ್ಬನ ನಡತೆಯನ್ನು ವಿಚಾರಿಸಿ, ಅವನಲ್ಲಿ ವಿಶ್ವಾಸವಿಟ್ಟು ಅದನ್ನು ಕೊಡುತ್ತದೆ.

ಆದರೆ ಈ ಇತಿಹಾಸದಲ್ಲಿ ಒಂದು ನಷ್ಟವನ್ನು ನಮ್ಮವರು ಲೆಕ್ಕಕ್ಕೆ ಹಿಡಿದಿಲ್ಲ. ಇಂಗ್ಲಿಷರು ಕಿತ್ತುಕೊಂಡದ್ದು ಬರಿಯ ಕಬ್ಬಿಣವನ್ನಲ್ಲ. ಕಬ್ಬಿಣದೊಡನೆ ಅದರ ಶಿಸ್ತೂ ಹೋಯಿತು. ಆಯುಧವನ್ನು ಎಲ್ಲಿ ತೂಗುಹಾಕಬೇಕು, ಯಾರ ಮುಂದೆ ತೆಗೆಯಬಾರದು, ಕುಡಿದವನ ಕೈಯಿಂದ ಅದನ್ನು ಹೇಗೆ ದೂರವಿಡಬೇಕು ಎಂಬುದನ್ನು ತಂದೆಯು ಮಗನಿಗೆ ಮಾತಿಲ್ಲದೆ ಕಲಿಸುತ್ತಿದ್ದನು. ಆ ಸರಪಳಿಯು ನಮ್ಮಲ್ಲಿ ಹರಿದುಹೋಗಿ ಐದಾರು ತಲೆಗಳಾದವು. ಮಹಾನವಮಿಯ ಖಂಡೇ ಪೂಜೆಯಲ್ಲಿ ಇಂದು ನಾವು ಕುಂಕುಮ ಹಚ್ಚುವದು ತಕ್ಕಡಿಗೆ, ಟ್ರ್ಯಾಕ್ಟರಿಗೆ, ಛಾಪಖಾನೆಯ ಯಂತ್ರಕ್ಕೆ. ಅದರಲ್ಲಿ ತಪ್ಪಿಲ್ಲ. ಆದರೆ ಈ ತಲೆಯಲ್ಲಿ ಮೊದಲ ಬಾರಿಗೆ ಪಿಸ್ತೂಲು ಕಟ್ಟುವವನಿಗೆ ಬುದ್ಧಿ ಹೇಳತಕ್ಕ ಹಿರಿಯನು ಮನೆಯಲ್ಲಿಲ್ಲವೆಂಬುದನ್ನು ಮರೆಯಲಾಗದು.

ಸರಪಳಿ ಹರಿಯದಿದ್ದರೆ ಹೇಗಿರುತ್ತಿತ್ತೆಂಬುದನ್ನು ಕೊಡಗಿನಲ್ಲಿ ಕಾಣಬಹುದು. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ೧೮೬೧ರಲ್ಲಿ ಮಾರ್ಕ ಕಬ್ಬನ್ನನು ಕೊಟ್ಟ ವಿನಾಯಿತಿಯು ಇಂದಿಗೂ ನಡೆದುಬಂದಿದೆ. ೨೦೧೯ರಲ್ಲಿ ಕೇಂದ್ರ ಸರಕಾರವು ಅದನ್ನು ೨೦೨೯ರ ವರೆಗೆ ಮುಂದುವರಿಸಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಜನ ಅವರು. ಕೈಲ್‌ಪೊಳ್ದಿನ ದಿನ ಬಂದೂಕಿಗೆ ಹೂವಿಟ್ಟು ಪೂಜಿಸುವರು. ಅಲ್ಲಿ ಬಂದೂಕು ಮನೆತನದ್ದು. ಇಡಿಯ ಮನೆಯ ಕಣ್ಣು ಅದರ ಮೇಲಿರುತ್ತದೆ. ನಮ್ಮ ವ್ಯಾಪಾರಿಯ ಪಿಸ್ತೂಲು ಅವನೊಬ್ಬನದು; ಅದರ ಮೇಲೆ ಅವನ ಕಣ್ಣೊಂದೇ.

ಇನ್ನೊಂದು ಭೇದವೂ ಉಂಟು. ದೇಸಾಯಿಯ ನಡುವಿನ ಕತ್ತಿ ಎಲ್ಲರಿಗೂ ಕಾಣುತ್ತಿತ್ತು. ಎದುರು ಬಂದವನು ಅದನ್ನು ನೋಡಿ ಮಾತನ್ನು ತೂಗಿ ಆಡುತ್ತಿದ್ದನು; ಕಟ್ಟಿದವನೂ ಜನರ ದೃಷ್ಟಿಗೆ ಅಂಜಿ ನಡೆಯುತ್ತಿದ್ದನು. ಇಂದಿನ ಪಿಸ್ತೂಲಾದರೋ ಮರೆಯಲ್ಲಿರತಕ್ಕದ್ದು. ೨೦೧೬ರ ಶಸ್ತ್ರಾಸ್ತ್ರ ನಿಯಮಗಳು, ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒರೆಯಲ್ಲಿಟ್ಟು ಪೂರ್ಣವಾಗಿ ಮುಚ್ಚಿರಬೇಕೆಂದೂ ಅದು ಧರಿಸಿದವನ ಹತೋಟಿಯಲ್ಲಿರಬೇಕೆಂದೂ ವಿಧಿಸಿವೆ. ಕಾರಣ ಯೋಗ್ಯವೇ ಆಗಿದೆ. ಆಯುಧವನ್ನು ತೋರಿಸಿ ತಿರುಗುವದು ದಂಡಿಗೆತನವಾದೀತು. ಆದರೆ ಇದರ ಪರಿಣಾಮವೇನೆಂದರೆ, ಆಯುಧಕ್ಕೆ ಸಾಕ್ಷಿಯಾಗಿ ಉಳಿಯುವದು ಧರಿಸಿದವನ ಮನಸ್ಸೊಂದೇ. ಲೋಕದ ದೃಷ್ಟಿಯು ಮಾಡುತ್ತಿದ್ದ ಕಾವಲನ್ನು ಅವನು ತಾನೇ ಮಾಡಿಕೊಳ್ಳಬೇಕು.

ಈ ಕಾವಲು ಎಷ್ಟು ಕಷ್ಟದ್ದೆಂಬುದನ್ನು ನಮಗೆ ಪರಿಚಿತರಾದ ವ್ಯಾಪಾರಸ್ಥರೊಬ್ಬರಿಂದ ತಿಳಿದೆವು. ಬೈಲಹೊಂಗಲದ ಹತ್ತಿಪೇಟೆಯಿಂದ ಹಣದೊಡನೆ ಕತ್ತಲಲ್ಲಿ ಸವದತ್ತಿಗೆ ಮರಳಬೇಕಾಗುವದರಿಂದ ಅವರು ಕಾನಪುರದಲ್ಲಿ ತಯಾರಾದ ಆರು ಗುಂಡಿನ ರಿವಾಲ್ವರನ್ನು ಕೊಂಡರು. ತೂಕ ಮುಕ್ಕಾಲು ಕಿಲೋದಷ್ಟು. ಕೈಯಲ್ಲಿ ಹಿಡಿದರೆ ಏನೂ ಅಲ್ಲ. ಸೊಂಟಕ್ಕೆ ಕಟ್ಟಿದರೆ ಸಂಜೆಗೆ ಅದೇ ಐದು ಸೇರಿನಷ್ಟಾಗುತ್ತದೆ. ಮೆತ್ತನೆಯ ಪಟ್ಟಿಯು ಜೋತುಬೀಳುವದರಿಂದ ದಪ್ಪ ತೊಗಲಿನ ಪಟ್ಟಿ ಬೇಕಾಯಿತು. ಧೋತರಕ್ಕೆ ಪಟ್ಟಿಯಿಲ್ಲ, ಆದ್ದರಿಂದ ಧೋತರವು ಹೋಗಿ ಪಾಟಲೋನು ಬಂದಿತು. ಅಂಗಿಯನ್ನು ಒಳಗೆ ಸೇರಿಸುವಂತಿಲ್ಲ; ಮೇಲಿನ ಕಪಾಟಿಗೆ ಕೈ ಚಾಚಿದರೆ ಅಂಗಿ ಏರುತ್ತದೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರೆ ಹಿಡಿಯು ಪಕ್ಕೆಗೆ ಒತ್ತುತ್ತದೆ. ಮೊಮ್ಮಗಳು ಓಡಿಬಂದು ತೊಡೆಯೇರಿದರೆ ಎದೆ ಝಲ್ಲೆನ್ನುತ್ತದೆ. ಬೀಗರು ಅಪ್ಪಿಕೊಳ್ಳಬಂದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ.

ದೇಹದ ಈ ತೊಂದರೆಗಳು ಹದಿನೈದು ದಿನಗಳಲ್ಲಿ ತೀರಿದುವಂತೆ. ಮನಸ್ಸಿನದು ಹಾಗಲ್ಲ. ಮೊದಲ ವಾರದಲ್ಲಿ ಅಂಗಡಿಗೆ ಬಂದ ಪ್ರತಿಯೊಬ್ಬನೂ ತಮ್ಮ ಸೊಂಟವನ್ನೇ ನೋಡುತ್ತಾನೆಂಬ ಭ್ರಮೆ. ಯಾರೂ ನೋಡುತ್ತಿರಲಿಲ್ಲ, ಆದರೆ ಇವರ ಕೈಯು ತನಗೆ ತಾನೇ ಗಳಿಗೆಗೊಮ್ಮೆ ಅಲ್ಲಿಗೆ ಹೋಗಿ ಮುಟ್ಟಿ ನೋಡುತ್ತಿತ್ತು. ನಿಜವಾಗಿ ಗುಟ್ಟನ್ನು ಹೊರಗೆಡಹುವದು ಈ ಮುಟ್ಟುವ ಕೈಯೇ. ಅದಕ್ಕಿಂತ ಕೆಟ್ಟದ್ದು ಎರಡನೆಯ ಅವಸ್ಥೆ. ಅವರೇ ಹೇಳಿದರು: “ಮೊದಲೆಲ್ಲಾ ಹಮಾಲನೊಬ್ಬ ಎದುರುತ್ತರ ಕೊಟ್ಟರೆ ನಕ್ಕು ಬಿಡತಿದ್ದೆ. ಇದನ್ನ ಕಟ್ಟಿದ ಮ್ಯಾಲೆ ಅಂಥಾ ಮಾತು ಒಳಗ ನಾಟಾಕ ಹತ್ತಿತು. ‘ನನಗಂತಾನಲ್ಲಾ ಇವ’ ಅನಸತಿತ್ತು.” ಈ ಮಾತನ್ನು ವಾಚಕರು ಎರಡು ಸಲ ಓದಬೇಕು. ಆಯುಧವು ಧೈರ್ಯವನ್ನು ಕೊಡುವದೆಂದು ಕೊಂಡವರಿಗೆ ಅದು ಮೊದಲು ಕೊಡುವದು ಅಹಂಕಾರವನ್ನು. ಆ ಸಜ್ಜನರು ಅದನ್ನು ಸಕಾಲದಲ್ಲಿ ಗುರುತಿಸಿದರು. ಆಯುಧವಿದ್ದ ದಿನ ಯಾರೊಡನೆಯೂ ವಾದಿಸುವದಿಲ್ಲವೆಂದೂ, ಬೈದರೆ ಬೈಸಿಕೊಂಡು ಬರುವದೆಂದೂ ನಿಯಮ ಮಾಡಿಕೊಂಡರು. ಇದು ಹೇಡಿತನವಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂದು ನಮ್ಮ ಹಿರಿಯರು ಹೇಳಿದ್ದು ಚೂರಿಯ ಮಾತಾಯಿತು; ಪಿಸ್ತೂಲಿಗೆ ಕೋಪಗೊಳ್ಳುವಷ್ಟು ಹೊತ್ತೂ ಬೇಡ.

ಮೂರನೆಯ ಅವಸ್ಥೆಯು ಅಭ್ಯಾಸದ್ದು. ನಾಲ್ಕಾರು ತಿಂಗಳಾದ ಬಳಿಕ ಸೊಂಟದ ಭಾರವು ಮರೆತುಹೋಗುತ್ತದೆ; ಕನ್ನಡಕದಂತೆ, ಕೈಗಡಿಯಾರದಂತೆ ಆಗುತ್ತದೆ. ಬಹು ಜನರು ಇದನ್ನೇ ಸಿದ್ಧಿಯೆಂದು ತಿಳಿಯುವರು. ನಾವು ಇದನ್ನೇ ಎಲ್ಲಕ್ಕೂ ದೊಡ್ಡ ಅಪಾಯವೆಂದು ತಿಳಿಯುತ್ತೇವೆ. ಮರೆತವನೇ ಶೌಚದ ಮನೆಯಲ್ಲಿ ಅದನ್ನು ಕಳಚಿಟ್ಟು ಬರುತ್ತಾನೆ. ಮರೆತವನೇ ಅಂಗಿಯೊಡನೆ ಅದನ್ನೂ ಗೂಟಕ್ಕೆ ಸಿಕ್ಕಿಸಿ ಮಕ್ಕಳಿರುವ ಮನೆಯಲ್ಲಿ ಮಲಗುತ್ತಾನೆ. ದೇಹವು ಭಾರವನ್ನು ಮರೆಯಲಿ, ಮನಸ್ಸು ಮರೆಯಬಾರದು. ಅದಕ್ಕಾಗಿ ದಿನದ ವಿಧಿಯೊಂದು ಬೇಕು. ಮನೆಗೆ ಬಂದೊಡನೆ, ಊಟಕ್ಕೂ ಮೊದಲು, ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು, ಬೆರಳು ಕುದುರೆಯನ್ನು ಮುಟ್ಟದಂತೆ ಕಾಡತೂಸುಗಳನ್ನು ತೆಗೆದು ಎಣಿಸಬೇಕು. ಆಯುಧ ಒಂದು ಬೀಗದಲ್ಲಿ, ಕಾಡತೂಸು ಇನ್ನೊಂದು ಬೀಗದಲ್ಲಿ, ಕೀಲಿಕೈ ತನ್ನಲ್ಲಿ. ಬರಿದಾಗಿದೆಯೆಂದು ತಿಳಿದ ಪಿಸ್ತೂಲನ್ನೂ ತುಂಬಿದ್ದೆಂದೇ ಭಾವಿಸಬೇಕು. ಸಂಧ್ಯಾವಂದನೆಗೆ ಹೊತ್ತು ತಪ್ಪಿದರೆ ಪ್ರಾಯಶ್ಚಿತ್ತವಿದೆ, ಇದಕ್ಕಿಲ್ಲ.

ಎಲ್ಲಿ ಒಯ್ಯಬಾರದೆಂಬುದನ್ನೂ ಕಲಿಯಬೇಕು. ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಲಕ್ಷಗಟ್ಟಲೆ ಜನ ಸೇರಿದಾಗ ಮೈಗೆ ಮೈ ತಾಕದೆ ನಡೆಯಲು ಸಾಧ್ಯವಿಲ್ಲ. ಅಂಥಲ್ಲಿ ಆಯುಧದ ಮೇಲೆ ಹತೋಟಿಯೆಲ್ಲಿಯದು? ಲಗ್ನದ ಮೆರವಣಿಗೆಯಲ್ಲಿ ಹರ್ಷಕ್ಕೆಂದು ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದವನಿಗೆ ೨೦೧೯ರ ತಿದ್ದುಪಡಿಯ ಮೇರೆಗೆ ಎರಡು ವರ್ಷಗಳ ವರೆಗಿನ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಮದ್ಯವನ್ನು ಮುಟ್ಟುವವನಂತೂ ಪಿಸ್ತೂಲನ್ನು ಮುಟ್ಟಲೇಬಾರದು.

ಕಾಯಿದೆಯು ಆತ್ಮರಕ್ಷಣೆಗೆ ಆಧಾರವನ್ನು ಕೊಟ್ಟಿಲ್ಲವೆಂದಲ್ಲ. ೨೦೨೩ರ ಭಾರತೀಯ ನ್ಯಾಯ ಸಂಹಿತೆಯ ೩೪ರಿಂದ ೪೪ನೆಯ ಕಲಮುಗಳು ಆ ವಿಷಯದವೇ ಆಗಿವೆ. ಆದರೆ ಆ ಹಕ್ಕಿಗೆ ಮಿತಿಗಳಿವೆ. ಅವಶ್ಯವಿದ್ದುದಕ್ಕಿಂತ ಹೆಚ್ಚು ಅಪಾಯವನ್ನು ಮಾಡಕೂಡದು; ಸರಕಾರದ ನೆರವನ್ನು ಪಡೆಯಲು ಸಮಯವಿದ್ದಲ್ಲಿ ಆ ಹಕ್ಕು ಹುಟ್ಟುವದೇ ಇಲ್ಲ. ಓಡಿಹೋಗುವ ಕಳ್ಳನ ಬೆನ್ನಿಗೆ ಹೊಡೆದವನು ರಕ್ಷಣೆಗೆ ಹೊಡೆದೆನೆಂದು ಸಾಧಿಸುವದು ಸುಲಭವಲ್ಲ. ನ್ಯಾಯಾಧೀಶರು ತಿಂಗಳುಗಟ್ಟಲೆ ವಿಚಾರಿಸುವ ಪ್ರಶ್ನೆಯನ್ನು ಪಿಸ್ತೂಲು ಹಿಡಿದವನು ಕತ್ತಲಲ್ಲಿ ಕಣ್ಣುಮುಚ್ಚಿ ತೆರೆಯುವದರೊಳಗೆ ನಿರ್ಣಯಿಸಬೇಕಾಗುತ್ತದೆ. ಇದಕ್ಕೆ ತಕ್ಕ ಸಮಾಧಾನವು ತನ್ನಲ್ಲಿದೆಯೋ ಎಂದು ಅವನು ಅರ್ಜಿ ಬರೆಯುವದಕ್ಕೆ ಮೊದಲೇ ಕೇಳಿಕೊಳ್ಳಲಿ.

ಪತ್ರಕರ್ತರೂ ಲೇಖಕರೂ ಆಯುಧ ಕಟ್ಟಬೇಕೆಂಬ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ನಮಗೂ ಹಿತೈಷಿಗಳು ಹಾಗೆಂದು ಸೂಚಿಸಿದ್ದುಂಟು. ೨೦೧೫ನೆಯ ಆಗಸ್ಟ ೩೦ರ ಮುಂಜಾನೆ ಧಾರವಾಡದ ಮನೆಯಲ್ಲಿ ಡಾಕ್ಟರ ಎಂ. ಎಂ. ಕಲಬುರ್ಗಿಯವರು ಬಂದವರಿಗೆ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ೨೦೧೭ನೆಯ ಸಪ್ಟೆಂಬರ ೫ರಂದು ಬೆಂಗಳೂರಲ್ಲಿ ಗೌರಿ ಲಂಕೇಶರು ತಮ್ಮ ಮನೆಯ ಮುಂದೆಯೇ ಹತರಾದರು. ಈ ದುಃಖಗಳನ್ನು ನೆನೆದು ಸಲಹೆ ಕೊಡುವವರ ಪ್ರೀತಿಯನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ವಿಚಾರ ಮಾಡಿರಿ: ಬೆಳಗಿನ ಹೊತ್ತು ಯಾರೋ ವಿದ್ಯಾರ್ಥಿಗಳು ಬಂದಿರಬೇಕೆಂದು ಬಾಗಿಲು ತೆರೆಯುವ ಪಂಡಿತನ ಸೊಂಟದಲ್ಲಿ ಪಿಸ್ತೂಲಿದ್ದರೆ ಏನು ಉಪಯೋಗವಾಗುತ್ತಿತ್ತು? ಅದು ಉಪಯೋಗಕ್ಕೆ ಬರಬೇಕಾದರೆ ಅವನು ಬಂದ ಪ್ರತಿಯೊಬ್ಬನನ್ನೂ ಕೊಲೆಗಾರನೆಂದು ಶಂಕಿಸಿ, ಕೈಯನ್ನು ಹಿಡಿಯ ಮೇಲಿಟ್ಟೇ ಬಾಗಿಲು ತೆರೆಯಬೇಕಾಗುತ್ತದೆ. ಹಾಗೆ ಬಾಗಿಲು ತೆರೆಯುವವನು ಬದುಕಿಯಾನು, ಗುರುವಾಗಿ ಉಳಿಯಲಾರನು. ೧೯೨೪ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನು ವಹಿಸಿದ ಮಹಾತ್ಮರನ್ನು ೧೯೪೮ನೆಯ ಜನವರಿ ೩೦ರಂದು ಕೊಂದದ್ದು ಇಂಥದೇ ಮರೆಯ ಪಿಸ್ತೂಲು. ಅದನ್ನು ಹಿಡಿದವನು ಪ್ರಾರ್ಥನೆಯ ಜನರ ನಡುವೆ ನಿಂತಿದ್ದನು. ಮರೆಯ ಆಯುಧವು ಮೊದಲು ಹೊಡೆಯುವವನಿಗೆ ಅನುಕೂಲವಾದಷ್ಟು ಕಾಯ್ದುಕೊಳ್ಳುವವನಿಗೆ ಅನುಕೂಲವಲ್ಲ. ಲೇಖಕನನ್ನು ಕಾಯತಕ್ಕದ್ದು ಸರಕಾರದ ಕರ್ತವ್ಯ, ಅವನ ಸುತ್ತಲಿನ ಸಮಾಜದ ಕರ್ತವ್ಯ. ಆ ಭಾರವನ್ನು ಅವನ ಸೊಂಟಕ್ಕೆ ಕಟ್ಟಿ ಉಳಿದವರು ಕೈತೊಳೆದುಕೊಳ್ಳುವದನ್ನು ನಾವು ಒಪ್ಪುವದಿಲ್ಲ.

ಹಾದಿಯ ಭಯವಿರುವ ವ್ಯಾಪಾರಿಯ ಮಾತು ಬೇರೆ. ಅವನ ಅರ್ಜಿಯನ್ನು ಅಧಿಕಾರಿಗಳು ಸಹಾನುಭೂತಿಯಿಂದ ನೋಡಲಿ. ಆದರೆ ನಿಯಮಗಳು ಕೇಳುವ ತರಬೇತಿಯ ಪ್ರಮಾಣಪತ್ರವು ಕಾಗದದ ಶಾಸ್ತ್ರವಾಗದಂತೆ ನೋಡಿಕೊಳ್ಳುವದು ಅವರ ಹೊಣೆ. ಗುರಿಯನ್ನು ಮಾತ್ರ ಕಲಿಸಿದರೆ ಸಾಲದು. ಬಿಚ್ಚಿಡುವದನ್ನು, ಬೀಗ ಹಾಕುವದನ್ನು, ಸುಮ್ಮನೆ ಬರುವದನ್ನು ಕಲಿಸಬೇಕು. ಮನೆಯ ಹಿರಿಯನು ಕಲಿಸಬೇಕಾಗಿದ್ದ ಪಾಠವಿದು. ಆ ಹಿರಿಯನ ಸ್ಥಾನವನ್ನು ಈಗ ಸರಕಾರವೇ ತುಂಬಬೇಕಾಗಿದೆ.

ಪರವಾನಿಗೆದಾರರಿಗೆ ನಮ್ಮ ಬಿನ್ನಹವಿಷ್ಟೆ. ಹಲಗಲಿಯವರು ತಮ್ಮ ಆಯುಧಕ್ಕಾಗಿ ಪ್ರಾಣ ಕೊಟ್ಟರು, ಏಕೆಂದರೆ ಅದು ಅವರ ಮಾನವಾಗಿತ್ತು. ನಿಮ್ಮ ಅಂಗಿಯ ಮರೆಯಲ್ಲಿರುವ ವಸ್ತುವು ನಿಮಗೆ ಮಾನವನ್ನು ತರಬೇಕಾದರೆ ಅದು ಒರೆಯಿಂದ ಹೊರಗೆ ಬಾರದೆಯೇ ನಿಮ್ಮ ಆಯುಷ್ಯವು ಕಳೆಯಬೇಕು. ಆ ಹರಕೆಯನ್ನು ಹೊತ್ತುಕೊಳ್ಳಲು ಸಿದ್ಧವಿಲ್ಲದವರು ಅದನ್ನು ಠಾಣೆಗೆ ಒಪ್ಪಿಸಿ ಬರುವದು ಒಳ್ಳೆಯದು. ಹಗುರವಾದ ಸೊಂಟದಿಂದ ನಡೆದು ಮನೆ ಸೇರುವದರಲ್ಲಿ ಯಾವ ಅಪಮಾನವೂ ಇಲ್ಲ.