ಕರುಳಿನ ವಿಳಾಸ ಓದುವ ಸಾಲ್ಮೊನೆಲ್ಲಾ

ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕ ಕೊಟ್ಟರೆ ಬ್ಯಾಕ್ಟೀರಿಯಾ ಸೋಂಕು ಇಳಿಯಬೇಕು. ಶಿಕಾಗೊ ವಿಶ್ವವಿದ್ಯಾಲಯದ ಮಾರ್ಜೊರಿ ಬೊನ್‌ಹಾಫ್ ಮತ್ತು ಸಿ. ಫಿಲಿಪ್ ಮಿಲ್ಲರ್ ತಂಡ 1950ರ ದಶಕದಲ್ಲಿ ಇಲಿಗಳಲ್ಲಿ ಕಂಡದ್ದು ಇದರ ತದ್ವಿರುದ್ಧ. ಮಾಮೂಲಿ ಇಲಿಗೆ ಸೋಂಕು ತಗಲಲು ಸುಮಾರು 1 ಲಕ್ಷ ಸಾಲ್ಮೊನೆಲ್ಲಾ ಬೇಕಿತ್ತು. ಆ ಔಷಧಿ ಕುಡಿದ ಇಲಿಗೆ, ಔಷಧಿಗೆ ಬಗ್ಗದ ತಳಿಯ ಹತ್ತು ಬ್ಯಾಕ್ಟೀರಿಯಾ ಕೂಡ ಬೇಕಾಗಲಿಲ್ಲ!

ಔಷಧಿಯಿಂದ ಕರುಳಿನ ಹಳೆಯ ನಿವಾಸಿ ಬ್ಯಾಕ್ಟೀರಿಯಾಗಳು ಸತ್ತಾಗ ಅವುಗಳ ಜೊತೆ ಇನ್ನೇನು ಹೋಯಿತು? 1964ರಲ್ಲಿ ಇದೇ ತಂಡ ಬೆರಳು ತೋರಿದ್ದು ಅಸಿಟಿಕ್ ಮತ್ತು ಬ್ಯುಟಿರಿಕ್ ಆಮ್ಲಗಳತ್ತ. ನಮಗೆ ಅರಗದ ನಾರನ್ನು ಹುದುಗಿಸಿ ಕರುಳಿನ ಬ್ಯಾಕ್ಟೀರಿಯಾಗಳು ತಯಾರಿಸುವ ಸಣ್ಣ ಕೊಬ್ಬಿನಾಮ್ಲಗಳಿವು. ಸಾಲ್ಮೊನೆಲ್ಲಾ ಬೆಳೆಯದಂತೆ ಅವು ತಡೆಯುತ್ತವೆ ಎಂಬ ವಿವರಣೆ ಬಹುಕಾಲ ನಿಂತಿತು. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ.

ಉಳಿದರ್ಧ ತೆರೆದುಕೊಂಡದ್ದು 2002ರಲ್ಲಿ, ನಾರ್ತ್ ಕೆರೊಲಿನಾದಲ್ಲಿ. ಸಾರಾ ಲಾಹನ್, ಕ್ರೇಗ್ ಆಲ್ಟಿಯರ್ ಮತ್ತು ಸಂಗಡಿಗರು ಆಮ್ಲ ಎಷ್ಟು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂದು ಎಣಿಸಲಿಲ್ಲ. ಆಮ್ಲ ತಾಗಿದಾಗ ಸಾಲ್ಮೊನೆಲ್ಲಾದ ಯಾವ ವಂಶವಾಹಿಗಳು ಎಚ್ಚರಗೊಳ್ಳುತ್ತವೆ ಎಂದು ನೋಡಿದರು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಅಸಿಟೇಟ್‌ನದೇ, ಅಂದರೆ ಅಸಿಟಿಕ್ ಆಮ್ಲದ ರೂಪದ್ದೇ, ಮೇಲುಗೈ. ಅದು ಬ್ಯಾಕ್ಟೀರಿಯಾದೊಳಗೆ ಹೊಕ್ಕು ಅಸಿಟೈಲ್ ಫಾಸ್ಫೇಟ್ ಆಗುತ್ತದೆ, 'ಸಿರ್‌ಎ' ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಕರುಳಿನ ಗೋಡೆಯ ಜೀವಕೋಶಕ್ಕೆ ನುಗ್ಗಲು ಬೇಕಾದ ವಂಶವಾಹಿಗಳು ಕೆಲಸಕ್ಕಿಳಿಯುತ್ತವೆ. ದೊಡ್ಡ ಕರುಳಿನಲ್ಲಿ ಪ್ರೊಪಿಯೊನೇಟ್ ಎಂಬ ಇನ್ನೊಂದು ಸಣ್ಣ ಕೊಬ್ಬಿನಾಮ್ಲ ಮತ್ತು ಬ್ಯುಟಿರೇಟ್ (ಬ್ಯುಟಿರಿಕ್ ಆಮ್ಲದ ರೂಪ) ದಟ್ಟವಾಗಿರುತ್ತವೆ. ಅಲ್ಲಿ ಅದೇ ವಂಶವಾಹಿಗಳು ತಣ್ಣಗಾಗುತ್ತವೆ. ಅಂದರೆ ಈ ರೋಗಾಣು ಆಮ್ಲಗಳ ಮಿಶ್ರಣವನ್ನು ಮನೆಯ ವಿಳಾಸದಂತೆ ಓದಿಕೊಂಡು, ತಾನು ನುಗ್ಗಬೇಕಾದ ಜಾಗ ಬಂತೇ ಎಂದು ತಿಳಿಯುತ್ತದೆ. ಕಣ್ಣಿಲ್ಲದ, ನರವಿಲ್ಲದ ಒಂಟಿ ಕೋಶವೊಂದು ಇಷ್ಟನ್ನು ಮಾಡುತ್ತದೆಂಬುದು ನನಗೆ ಇಂದಿಗೂ ಬೆರಗು.

ಬ್ಯುಟಿರೇಟ್ ಸಾಲ್ಮೊನೆಲ್ಲಾವನ್ನು ತಣ್ಣಗಾಗಿಸುತ್ತದೆಂಬ ಈ ತಿಳಿವನ್ನು ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು ಕೋಳಿ ಸಾಕಣೆಗೆ ತಂದರು. ಮೇಲ್ಲೇಪ ಕೊಟ್ಟ ಬ್ಯುಟಿರಿಕ್ ಆಮ್ಲವನ್ನು ಕೋಳಿಮೇವಿಗೆ ಬೆರೆಸಿದಾಗ, ಕೋಳಿಯ ಕರುಳಿನಲ್ಲಿ ಸಾಲ್ಮೊನೆಲ್ಲಾ ನೆಲೆಯೂರುವುದು ಕಡಿಮೆಯಾಯಿತು.

ಇಷ್ಟಕ್ಕೇ ಬ್ಯುಟಿರೇಟನ್ನು ಸರ್ವರೋಗ ನಿವಾರಕ ಎಂದು ಸಾರುವುದು ದುಡುಕು. 2009ರಲ್ಲಿ ಜಪಾನಿನ ಸಂಶೋಧಕರು ರಕ್ತಭೇದಿ ತರುವ ಇ. ಕೋಲಿ ಒ157ಕ್ಕೆ ಇದೇ ಬ್ಯುಟಿರೇಟ್ ಕೊಟ್ಟು ನೋಡಿದರು. ಕರುಳಿನ ಗೋಡೆಗೆ ಅಂಟಿಕೊಳ್ಳಲು ನೆರವಾಗುವ ಅದರ ವಂಶವಾಹಿಗಳು ಇನ್ನಷ್ಟು ಚುರುಕಾದವು. ಒ157 ಬೀಡುಬಿಡುವುದು ದೊಡ್ಡ ಕರುಳಿನಲ್ಲೇ. ಸಾಲ್ಮೊನೆಲ್ಲಾವನ್ನು ಸುಮ್ಮನಾಗಿಸುವ ಆಮ್ಲ ಅದಕ್ಕೆ ಕೆಲಸ ಶುರುಮಾಡುವ ಸೂಚನೆ.