ರಿವಾಲ್ವರಿನ ಹಳೆಯ ಮೈಕಟ್ಟು, ಹೊಸ ಅವತಾರ

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಜನಿಸಿ, 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಮೈಲಾರ ಮಹದೇವಪ್ಪನವರು, 1943ರ ಏಪ್ರಿಲ್ 1ರಂದು ಹಾವೇರಿ ಸಮೀಪದ ಹೊಸರಿತ್ತಿಯಲ್ಲಿ ಸಂಗಡಿಗರಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೊಡನೆ ಪೊಲೀಸರ ಗುಂಡಿಗೆ ಬಲಿಯಾದರು. ಆಗ್ನೇಯಾಸ್ತ್ರವು ಈ ಸೀಮೆಯ ಜನಕ್ಕೆ ಆಳುವವರ ಕೈಯ ವಸ್ತುವಾಗಿಯೇ ಹೆಚ್ಚು ಪರಿಚಿತವಾದುದು ಆಕಸ್ಮಿಕವಲ್ಲ. 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆಯೆದ್ದುದು ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯ ವಿರುದ್ಧ. 1878ರ ಶಸ್ತ್ರಾಸ್ತ್ರ ಕಾಯಿದೆಯು ಪರವಾನಗಿಯ ಕಟ್ಟನ್ನು ದೇಶಕ್ಕೆಲ್ಲ ಬಿಗಿಯಿತು. ಇಂದಿಗೂ ಚುನಾವಣೆ ಸಮೀಪಿಸಿತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿಯೂ ಪರವಾನಗಿಯ ಬಂದೂಕುಗಳು ಠಾಣೆಯ ಪಾಲಾಗುವುವು.

ಬ್ರಿಟಿಷರ ಕಾಲದ ಅಧಿಕಾರಿಯ ಸೊಂಟದಲ್ಲಿದ್ದ ರಿವಾಲ್ವರಿನ ಮೂಲ ವಿನ್ಯಾಸವನ್ನು ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ದೇಶದಲ್ಲಿ ಪೇಟೆಂಟಿಗೊಳಪಡಿಸಿದನು. ಅದಕ್ಕೂ ಮುನ್ನ, 1830ರಲ್ಲಿ, ಅವನು ನಾವಿಕನಾಗಿ ಕಲ್ಕತ್ತೆಗೆ ಹಡಗೇರಿದ್ದನೆಂಬುದು ನಮಗೆ ಕುತೂಹಲಕರ. ಕುದುರೆಯನ್ನು (ಹ್ಯಾಮರ್) ಹೆಬ್ಬೆರಳಿನಿಂದ ಹಿಂದಕ್ಕೆಳೆದೊಡನೆ ಒಳಗಿನ ಕೊಕ್ಕೆಯೊಂದು ಉರುಳೆಯನ್ನು ಒಂದು ಕೋಣೆಯಷ್ಟು ತಿರುಗಿಸಿ ನಳಿಗೆಗೆ ಸರಿಯಾಗಿ ನಿಲ್ಲಿಸುವುದೇ ಅದರ ಮರ್ಮ. ಪ್ರತಿ ಕೋಣೆಗೂ ಮುಂದಿನಿಂದ ಮದ್ದು, ಸೀಸದ ಗುಂಡು ತುಂಬಿ ಹಿಂದೆ ಕೇಪು ಕೂಡಿಸಬೇಕಾಗಿದ್ದಿತು. ಮಲೆನಾಡಿನ ಕೇಪಿನ ಕೋವಿಯೂ ಇದೇ ತತ್ತ್ವದ್ದು. 1851ರಲ್ಲಿ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ಬಿಲ್ಲನ್ನು (ಟ್ರಿಗರ್) ಎಳೆದಷ್ಟಕ್ಕೇ ಕುದುರೆ ತಾನಾಗಿ ಏರಿ ಬೀಳುವ ವಿಧಾನವನ್ನು ತಂದನು. 1887ರಲ್ಲಿ ಬ್ರಿಟಿಷ್ ಸೇನೆ ಅಂಗೀಕರಿಸಿದ ವೆಬ್ಲಿಯಾದರೋ ನಡುವೆ ಮಡಿಚಿಕೊಂಡು ಖಾಲಿ ತೋಟಾಗಳನ್ನು ಒಮ್ಮೆಗೇ ಹೊರಚೆಲ್ಲುತ್ತಿದ್ದಿತು.

ಇವುಗಳ ಪುನರ್ನಿರ್ಮಾಣವೇ ಈಗ ಒಂದು ಉದ್ಯಮವಾಗಿದೆ. ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವ ಸಮೀಪಿಸಿದಾಗ, 1959ರಲ್ಲಿ, ಇಟಲಿಯ ಗಾರ್ದೋನೆಯಲ್ಲಿ ಆಲ್ಡೋ ಉಬೆರ್ತಿ ಕೋಲ್ಟನ 1851ರ ನೌಕಾ ಮಾದರಿಯನ್ನು ಮರಳಿ ತಯಾರಿಸತೊಡಗಿದನು. ನಮ್ಮಲ್ಲಿ ಪ್ರತಿಕೃತಿಗಿಂತ ಪರಂಪರೆಯೇ ಮುಂದುವರಿಯಿತು: ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರು ವೆಬ್ಲಿಯ ಮಾದರಿಯನ್ನೇ ಅನುಸರಿಸಿದುದು, 2014ರ ‘ನಿರ್ಭೀಕ್’ ಅದರ ಹಗುರವಾದ ಸಂತತಿ.

ಪ್ರತಿಕೃತಿಯ ಕುಶಲತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಮೂಲ ಆಯುಧವನ್ನು ಯಾರು ಧರಿಸಿದ್ದರು, ಅದನ್ನು ಯಾರ ಮೇಲೆ ಎತ್ತಿದ್ದರು ಎಂಬುದು ಅದರಲ್ಲಿ ಇರಲಾರದು. ದುರಸ್ತಿ ಮಾಡಿದರೂ ಸಿಡಿಯಲಾರದ ಪುರಾತನ ಆಯುಧಕ್ಕೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯಿದೆ ವಿನಾಯಿತಿ ನೀಡುತ್ತದೆ, ವಯಸ್ಸೊಂದೇ ಸಾಲದು. ಆದುದರಿಂದ ಅಟ್ಟದ ಮೇಲೆ ಹಿರಿಯರ ಕಾಲದ ಅಂಥದೊಂದು ದೊರೆತವರು ತುಕ್ಕನ್ನು ತಾವೇ ಉಜ್ಜಲು ಹೋಗದೆ, ಮೊದಲು ಠಾಣೆಗೆ ತಿಳಿಸಿ, ಅದು ಮನೆಗೆ ಬಂದ ಬಗೆಯನ್ನು ಬಲ್ಲ ಹಿರಿಯರಿಂದ ಕೇಳಿ ಬರೆದಿಡಬೇಕೆಂದು ಬೇಡುತ್ತೇನೆ.